ಸೊಕ್ಕೆಯ ಬಿಲದಲ್ಲಿ ದೊಡ್ಡಮ್ಮನ ಕೈ

ಆ ಬಿಲದ ಬಾಯಲ್ಲಿ ಹಸಿ ಮಣ್ಣಿನ ಗುಪ್ಪೆ ಇತ್ತು. ನಾನು ನೋಡಿದ್ದೆ. ನೋಡಿಯೂ ಬಾಯಿ ಬಿಡಲಿಲ್ಲ.

ಪ್ರಾಣಿಶಾಸ್ತ್ರ ಓದಿ ಮುಗಿಸಿದ ಮೇಲೆ, ನಮ್ಮ ಕಡೆಯ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಜಾತಿಯ ಇಲಿ ಎಲ್ಲಿದೆ ಎಂದು ನಕಾಶೆಯಲ್ಲಿ ಗುರುತು ಹಾಕುವ ಕೆಲಸಕ್ಕೆ ಸೇರಿದ್ದೆ. ಕೇಳಲು ಚೆಂದ, ಮಾಡಲು ಹೇಸಿಗೆ. ಚನ್ನಗಿರಿಯ ಅಡಿಕೆ ಮಂಡಿಗಳ ಹಿಂದೆ ಉಚ್ಚೆ ನಾರುವ ಬೋನು ಎತ್ತಬೇಕು. ಹೊನ್ನಾಳಿ, ನ್ಯಾಮತಿಯ ಗದ್ದೆ ಬದುಗಳಲ್ಲಿ ಸತ್ತ ಹೆಗ್ಗಣದ ಬಾಯಿ ಅಗಲಿಸಿ ಹಲ್ಲು ಅಳೆಯಬೇಕು. ಸಾಯುವವರೆಗೂ ಬೆಳೆಯುವ ಹಳದಿ ಹಲ್ಲು. ಕಡಿದು ಸವೆಸದಿದ್ದರೆ ಅದರ ಬಾಯಿಗೇ ಕುತ್ತು. ಇಡೀ ಭೂಮಿಯಲ್ಲಿ ಹರಡಿಕೊಳ್ಳಲು ವಿಕಾಸವು ಈ ಕುಲಕ್ಕೆ ಕೊಟ್ಟ ಆಯುಧ ಅದೇ ಎಂದು ತರಗತಿಯಲ್ಲಿ ಬೆರಗಿನಿಂದ ಬರೆದುಕೊಂಡಿದ್ದೆ. ಈಗ ಊಟಕ್ಕೆ ಕೂತಾಗ ಮೊದಲು ಕೈ ಮೂಸಿ ನೋಡಿಕೊಳ್ಳುತ್ತೇನೆ.

ಜಗಳೂರು ಕಡೆಯದು ಬೇರೆ ಇಲಿ. ಒಣನೆಲದ್ದು, ಬಾಲದ ತುದಿಗೆ ಕೂದಲ ಕುಚ್ಚು, ಅಂಜುಬುರುಕ. ಅದರ ಬಿಲಕ್ಕೆ ಹಿಂಬಾಗಿಲಿರುತ್ತದೆ. ಮುಂದೆ ಕೆದಕಿದರೆ ಹಿಂದಿನಿಂದ ಪರಾರಿ. ಆ ಕಡೆಯ ಸೊಕ್ಕೆ ಎಂಬ ಊರಿನ ಹೆಂಗಸರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಶೇಂಗಾ ಕಿತ್ತ ಮೇಲೆ ಇಲಿ ಕೂಡಿಟ್ಟ ಕಾಯಿ ಅಗೆದವರಿಗೆ ಎಂಬುದು ಅಲ್ಲಿಯ ವಾಡಿಕೆ. ಗುದ್ದಲಿಯಿಂದ ಬಿಲ ಅಗಲಿಸಿ, ಭುಜದವರೆಗೆ ಕೈ ಇಳಿಸಿ ಬಾಚುತ್ತಾರೆ.

ಅಮ್ಮನ ಅಕ್ಕನನ್ನು ಕೊಟ್ಟದ್ದು ಸೊಕ್ಕೆಗೆ. ಆ ಬೆಳಿಗ್ಗೆ ದೊಡ್ಡಮ್ಮ, ಪಕ್ಕದ ಮನೆಯಾಕೆ, ನಾನು ಹೊಲಕ್ಕೆ ಹೋದೆವು.

"ಅಷ್ಟು ಓದಿ ಇಲಿ ಹಿಡಿಯಾಕೆ ಬಂದೀಯಲ್ಲೋ," ಎಂದಳು ಪಕ್ಕದಾಕೆ. "ನಮ್ಮನಿ ಬೆಕ್ಕು ಏನೂ ಓದಿಲ್ಲ, ನಿನಗಿಂತ ಚಲೋ ಹಿಡಿತೈತೆ."

"ನಿನ್ನ ಬೆಕ್ಕಿಗೆ ಯಾರು ಸಂಬಳ ಕೊಡ್ತಾರೆ? ನಮ್ಮ ಹುಡುಗಂಗೆ ಕೊಡ್ತಾರೆ," ದೊಡ್ಡಮ್ಮ ಬಿಟ್ಟುಕೊಡಲಿಲ್ಲ.

ಬದುವಿನ ಹತ್ತಿರದ ಬಿಲದ ಮುಂದೆ ಅವಳು ಕೂತಳು. ಬಾಯಿಗೆ ಮಣ್ಣು ಮೆತ್ತಿ, ಹೊರಗೆ ಗುಪ್ಪೆ ಹಾಕುವುದು ಗದ್ದೆ ಬಯಲಿನ ಹೆಗ್ಗಣ. ಹೊನ್ನಾಳಿಯಲ್ಲಿ ದಿನವೂ ನೋಡಿದ ಗುಪ್ಪೆ. ಸೊಕ್ಕೆಯಲ್ಲಿ ಹೇಗೆ? ಪಕ್ಕದಲ್ಲೇ ದನಗಳಿಗೆಂದು ಹೊನ್ನಾಳಿ ಕಡೆಯಿಂದ ಲಾರಿಯಲ್ಲಿ ತರಿಸಿದ ಭತ್ತದ ಹುಲ್ಲಿನ ಬಣವೆ ಇತ್ತು. ಹುಲ್ಲಿನ ಜತೆ ಬಂದಿರಬೇಕು! ನಕಾಶೆಗೊಂದು ಹೊಸ ಚುಕ್ಕೆ. ಹೇಳಿದರೆ ಇವರು ಗುದ್ದಲಿಯಿಂದ ಜಜ್ಜುತ್ತಾರೆ; ನನಗೆ ಗಾಯವಿಲ್ಲದ ತಲೆಬುರುಡೆ ಬೇಕಿತ್ತು. ಅದನ್ನು ಹಿಡಿಯಲು ಸುಮ್ಮನೆ ಬಲೆ ಬಿಚ್ಚತೊಡಗಿದೆ.

"ಮೆತ್ತಗೆ ಏನೋ ಐತೆ," ಎಂದಳು ದೊಡ್ಡಮ್ಮ, ಕೈ ಒಳಗಿಟ್ಟುಕೊಂಡೇ. "ಬೆಚ್ಚಗೈತೆ."

ಮರಿಗಳು. ಮರಿ ಇದ್ದರೆ ಹೆಗ್ಗಣ ಓಡುವುದಿಲ್ಲ. ಒಳಗೆ ಗುರ್ರೆಂದಿತು. ದೊಡ್ಡಮ್ಮ ಚೀರಿ ಕೈ ಎಳೆದಾಗ ಹೆಬ್ಬೆರಳು ಕಚ್ಚಿಕೊಂಡೇ ಅದೂ ಹೊರಬಂತು. ಪಕ್ಕದಾಕೆ ಗುದ್ದಲಿ ಕಾವಿನಿಂದ ಬಡಿದು ಕೊಂದಳು. ಸತ್ತ ಮೇಲೂ ದವಡೆ ಬಿಡಲಿಲ್ಲ. ನಾನೇ ಬೆರಳು ತೂರಿಸಿ ಬಿಡಿಸಿದೆ. ರಕ್ತ, ಜೊಲ್ಲು, ಅದರ ಬಿಸಿ ಉಚ್ಚೆ ನನ್ನ ಮೊಣಕೈವರೆಗೆ ಇಳಿಯಿತು. ಬಿಲದ ಬಾಯಲ್ಲಿ ಕೂದಲಿಲ್ಲದ ಕೆಂಪು ಮರಿಗಳು ಶೇಂಗಾ ಮೇಲೆ ಹುಳುಗಳಂತೆ ಹೊರಳುತ್ತಿದ್ದವು. ಅಲ್ಲೇ ವಾಂತಿ ಮಾಡಿದೆ.

ಅರಿಶಿನ ಕಟ್ಟಿ ಸುಮ್ಮನಾದ ದೊಡ್ಡಮ್ಮನಿಗೆ ಮೂರನೇ ದಿನ ಜ್ವರ ಏರಿ, ತೋಳೆಲ್ಲ ಊದಿತು. ಇನ್ನೊಂದು ದಿನ ತಡವಾಗಿದ್ದರೆ ಕೈ ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯಲ್ಲಿ. ಕೈ ಉಳಿಯಿತು. ಹೆಬ್ಬೆರಳು ಇಂದಿಗೂ ಮಡಚುವುದಿಲ್ಲ.

ಈ ವರ್ಷ ಅದೇ ಹೊಲದಲ್ಲಿ ಇನ್ನೊಂದು ಬಿಲದ ಮುಂದೆ ಕೂತು ಅವಳು ಕೇಳಿದಳು: "ಅವತ್ತು ಗೊತ್ತಿದ್ರೆ ನೀನು ಹೇಳ್ತಿದ್ದೆ, ಹೌದಲ್ಲೋ?"

"ಗೊತ್ತಿತ್ತು ದೊಡ್ಡಮ್ಮ."

ಅವಳು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಹಂಗಾದ್ರೆ ಇದರಾಗೆ ನೀನು ಕೈ ಹಾಕು."

ಬಿಲದ ಬಾಯಲ್ಲಿ ಗುಪ್ಪೆ ಇರಲಿಲ್ಲ. ಒಳಗಿರುವುದು ಹಿಂಬಾಗಿಲಿನಿಂದ ಓಡಿಹೋಗುವ ಇಲಿ ಎಂದು ನನಗೆ ಗೊತ್ತಿತ್ತು. ಅಂಗಿಯ ತೋಳು ಮಡಚಿದೆ. ಆದರೂ ಕಣ್ಣು ಮುಚ್ಚಿಕೊಂಡೇ ಭುಜದವರೆಗೆ ಕೈ ಇಳಿಸಿದೆ.