ನೆತ್ತಿಯ ಉರಿ

ಗೋಗಿ ಕಡೆಯ ಸಣ್ಣ ದವಾಖಾನೆಯ ನರ್ಸಮ್ಮ ಯಾರನ್ನೂ ಏನಾಗಿದೆ ಎಂದು ಕೇಳುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ, "ಎಲ್ಲಿ, ಕೈ ಇಟ್ಟು ತೋರ್ಸವ್ವ" ಅನ್ನುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ನನ್ನ ಅಕ್ಕನಿಗೆ ಊಟ, ನಿದ್ದೆ ಎರಡೂ ಹೋಗಿದ್ದವು. ಆ ದವಾಖಾನೆಗೆ ಕರೆದೊಯ್ದಾಗ, ಮನಸ್ಸಿಗೆ ಬೇಸರವೇ ಎಂದು ಡಾಕ್ಟರು ಕೇಳಿದರೆ, "ಬ್ಯಾಸರಿಲ್ರಿ, ನೆತ್ತಿ ಉರಿತದ" ಅಂದಳು. ಅವರು ಬರೆದುಕೊಟ್ಟ ಗುಳಿಗೆಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. "ಉರಿ ನೆತ್ತ್ಯಾಗದ, ಗುಳಿಗಿ ಹೊಟ್ಟಿಗ್ಯಾಕ?"

ನರ್ಸಮ್ಮ ಅವಳ ಒಣ ಕೂದಲು ಮುಟ್ಟಿ ನನ್ನತ್ತ ತಿರುಗಿದರು. "ದಿನಕರ್ಮ ಆದ ಮ್ಯಾಲ ತವರಿನವರು ಯಾರು ಎಣ್ಣಿ ಹಚ್ಚೀರಿ?"

ತವರಿನವರು ತಲೆಗೆ ಎಣ್ಣೆ ಹಚ್ಚಿದರೇ ನಮ್ಮಲ್ಲಿ ಸೂತಕ ಮುಗಿಯುವುದು. ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ಹಚ್ಚಿದ್ದಾಳೆಂದು ನಾನು, ನಾನು ಹಚ್ಚಿದ್ದೇನೆಂದು ಅತ್ತಿಗೆ ಅಂದುಕೊಂಡಿದ್ದೆವು; ಇಬ್ಬರೂ ಹಚ್ಚಿರಲಿಲ್ಲ.

"ಎಣ್ಣಿನೂ ಬೇಕು, ಗುಳಿಗಿನೂ ಬೇಕು. ಯಾವ್ದೂ ಬಿಡಬ್ಯಾಡ್ರಿ" ಎಂದರು ನರ್ಸಮ್ಮ.

ಎದುರಿನ ಅಂಗಡಿಯಿಂದ ಔಡಲೆಣ್ಣೆ ತಂದು ದವಾಖಾನೆಯ ಬೆಂಚಿನ ಮೇಲೆಯೇ ಹಚ್ಚಿದೆ. ಅಷ್ಟು ದಿನ ಅಳದ ಅಕ್ಕ ಅತ್ತಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ನೀರು ಕೇಳಿದಳು.

ನರ್ಸಮ್ಮ ಈಗ ವಡಗೇರಾದಲ್ಲಿದ್ದಾರೆ. ಅಕ್ಕ ಮನೆಗೆ ಬಂದಾಗ ಹೇಗಿದ್ದೀ ಎಂದು ನಾನು ಕೇಳುವುದಿಲ್ಲ. "ಎಲ್ಲಿ, ಕೈ ಇಟ್ಟು ತೋರ್ಸವ್ವ" ಅನ್ನುತ್ತೇನೆ. ಅವಳು ನನ್ನ ಕೈಯನ್ನೇ ತನ್ನ ನೆತ್ತಿಯ ಮೇಲೆ ಇಟ್ಟುಕೊಂಡು, "ತಣ್ಣಗದ ನೋಡು" ಎಂದು ನಗುತ್ತಾಳೆ.