ಬಸವರಾಜರು ಹೇಳಿದ್ದು, ನಾನು ಹೇಳಿದ್ದು

ಬಸವರಾಜರ ತಪ್ಪು ಏನೂ ಇರಲಿಲ್ಲ. ಅವರು ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ದಾಟಿಸುವಾಗ ನಾನು ಸುಳ್ಳು ಹೇಳಿದೆ — ಒಂದು ಸಲವಲ್ಲ, ಎರಡು ಸಲ. ಮೊದಲನೆಯದು ಅವಸರದ್ದು ಎನ್ನಬಹುದೇನೋ. ಎರಡನೆಯದು ತಿಳಿದೂ ತಿಳಿದೂ ಹೇಳಿದ್ದು.

ತೊಂಬತ್ತರ ದಶಕದ ನಡುವಿನ ಮಾತು. ಲಂಡನ್ನಿನ ದಕ್ಷಿಣದ ಅಂಚಿನಲ್ಲಿ, ಗುಡ್ಡವೊಂದರ ಇಳಿಜಾರಿಗೆ ಬ್ರಷ್ಷಿನಂಥ ಪ್ಲಾಸ್ಟಿಕ್ ಚಾಪೆ ಹಾಸಿ ಮಾಡಿದ ಸ್ಕೀ ಮೈದಾನವಿತ್ತು. ಹಿಮವಿಲ್ಲದೆ ಜಾರುವ ಜಾಗ. ಅಲ್ಲಿನ ಆಫೀಸಿನಲ್ಲಿ ನಾನು ಗುಮಾಸ್ತೆ. ನಾವು ಧಾರವಾಡದವರು, ನನ್ನ ಗಂಡ ಡಾಕ್ಟರು. ಹುಬ್ಬಳ್ಳಿಯಲ್ಲಿ ಫಿಟ್ಟರ್ ಆಗಿದ್ದ ಬಸವರಾಜರನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವಳೂ ನಾನೇ. ಸದ್ದು ಕೇಳಿಯೇ ಯಂತ್ರದ ರೋಗ ಹೇಳುವ ಮನುಷ್ಯ. ಇಂಗ್ಲಿಷ್ ಮಾತ್ರ ನಾಲಿಗೆಗೆ ಹತ್ತಲಿಲ್ಲ. ಮ್ಯಾನೇಜರ್ ಕಾಲಿನ್‌ಗೂ ಅವರಿಗೂ ನಡುವೆ ನಾನೇ ಬಾಯಿ.

ಬೇಸಿಗೆಯಲ್ಲಿ ಮೂರು ವಾರ ಮೈದಾನ ಮುಚ್ಚಿ ದುರಸ್ತಿ. ಚಾಪೆ ಎತ್ತಿ, ಅದರೊಳಗೆ ಬೇರಿಳಿಸಿದ ಹುಲ್ಲು ಕಿತ್ತು, ನೀರು ಚಿಮ್ಮಿಸುವ ಕೊಳವೆಗಳ ಸುಣ್ಣ ಕೆರೆಯುತ್ತಿದ್ದರು. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಸೀರೆಗೂ ಅಂಟುತ್ತಿತ್ತು. ಬಸವರಾಜರ ಪಾಲಿಗೆ ಲಿಫ್ಟ್ — ತಿರುಗುವ ಉಕ್ಕಿನ ಹಗ್ಗಕ್ಕೆ ತೂಗುಬಿಟ್ಟ ಕೋಲುಗಳನ್ನು ಹಿಡಿದು ಜನ ಮೇಲೆ ಹೋಗುವ ವ್ಯವಸ್ಥೆ. ತುದಿ ಮುಟ್ಟಿದ ಮೇಲೂ ಯಾರಾದರೂ ಕೋಲು ಬಿಡದೆ ಮುಂದೆ ಹೋದರೆ, ಅಡ್ಡ ಕಟ್ಟಿದ ತಂತಿ ತಗುಲಿ ಮೋಟಾರು ನಿಲ್ಲಬೇಕು.

ಆ ಗುರುವಾರ ಅವರು ಗ್ರೀಸಿನ ಕೈ ಒರೆಸುತ್ತ ಇಳಿದು ಬಂದರು.

"ಅಕ್ಕಾರ, ಮ್ಯಾಲಿನ ತಂತಿ ಮುಟ್ಟಿದ್ರೂ ಲಿಫ್ಟ್ ನಿಂದ್ರವಲ್ದು. ಸ್ವಿಚ್ ಸುಟ್ಟೈತಿ. ನಾಳೆ ಮುಂಜಾನೆ ಹೋಗಿ ಹೊಸಾದು ತರ್ತೀನಿ. ಅಲ್ಲೀತನಕ ಚಾಲೂ ಮಾಡಬ್ಯಾಡ್ರಿ ಅಂತ ಸಾಹೇಬ್ರಿಗೆ ಹೇಳ್ರಿ."

ಕಾಲಿನ್ ನನ್ನ ಪಕ್ಕದಲ್ಲೇ ಇದ್ದ. ಶನಿವಾರ ಮೈದಾನ ತೆರೆಯಬೇಕಿತ್ತು. ನಿಮ್ಮವನು ನಿಧಾನ ಎಂದು ಆ ವಾರದಲ್ಲೇ ಎರಡು ಸಲ ನನಗೆ ಚುಚ್ಚಿದ್ದ. "ಏನಂತೆ? ಕೆಲಸ ಮುಗಿಯಿತಾ?" ಎಂದು ಕೇಳಿದ. ಮೂರನೆಯ ಸಲ ಆ ಮಾತು ಕೇಳಲು ನನಗೆ — ನಾಳೆ ಹೇಗೂ ಸರಿಯಾಗುತ್ತದಲ್ಲ ಎಂದುಕೊಂಡೆ. "ಹೂಂ, ಮುಗಿದಿದೆ" ಎಂದೆ. ಬಸವರಾಜರು ನಾನು ಅವರ ಮಾತನ್ನೇ ಹೇಳಿದೆನೆಂದು ನಂಬಿ ತಲೆಯಾಡಿಸಿ ಹೋದರು.

ಮರುದಿನ ಬೆಳಿಗ್ಗೆ, ಶನಿವಾರಕ್ಕೆ ಮೊದಲು ಒಮ್ಮೆ ಓಡಿಸಿ ನೋಡಲೆಂದು, ಕಾಲಿನ್ ಲಿಫ್ಟ್ ಶುರು ಮಾಡಿಸಿದ. ಸ್ಕೀ ಕಲಿಸುತ್ತಿದ್ದ ಹೆಲೆನ್ ಮೊದಲು ಹತ್ತಿದಳು. ತುದಿಯಲ್ಲಿ ಅವಳ ಜಾಕೆಟ್ಟಿನ ಪಟ್ಟಿ ಕೋಲಿಗೆ ಸಿಕ್ಕಿಕೊಂಡಿತು. ತಂತಿ ತಗುಲಿತು, ಮೋಟಾರು ನಿಲ್ಲಲಿಲ್ಲ. ಕೂಗು ಆಫೀಸಿನವರೆಗೂ ಕೇಳಿಸಿತು. ಉಕ್ಕಿನ ಹಗ್ಗ ತಿರುಗುವ ಚಕ್ರಕ್ಕೆ ಸಿಕ್ಕಿ ಅವಳ ಬಲಗೈಯ ನಾಲ್ಕು ಬೆರಳು ಹೋದವು. ಆಂಬುಲೆನ್ಸ್ ಗೇಟು ದಾಟುವಾಗ ಬಸವರಾಜರು ಹೊಸ ಸ್ವಿಚ್ಚಿನ ಪೊಟ್ಟಣ ಹಿಡಿದು ಒಳಗೆ ಬರುತ್ತಿದ್ದರು.

ವಾರದ ಮೇಲೆ ವಿಚಾರಣೆ. ತನಿಖೆಗೆ ಬಂದ ಅಧಿಕಾರಿ, ಕಾಲಿನ್, ಬಸವರಾಜರು, ಮಾತು ದಾಟಿಸಲು ನಾನು. "ಅಪಘಾತದ ಹಿಂದಿನ ದಿನ ಈತ ನಿಮ್ಮ ಭಾಷೆಯಲ್ಲಿ ಏನು ಹೇಳಿದ?" ಎಂದು ಅಧಿಕಾರಿ ಕೇಳಿದರು. ಬಸವರಾಜರು ನನ್ನ ಕಡೆ ತಿರುಗಿದರು. ಅವರಿಗೆ ಎಳ್ಳಷ್ಟೂ ಭಯವಿರಲಿಲ್ಲ. "ಹೇಳ್ರಿ ಅಕ್ಕಾರ, ನಾ ಹೇಳಿದ್ದೆಲ್ಲಾ."

"ಲಿಫ್ಟ್ ರೆಡಿ ಇದೆ ಅಂದರು" ಎಂದೆ.

ರೆಡಿ ಎಂಬ ಪದ ಅವರಿಗೆ ಗೊತ್ತಿತ್ತು. ಎದ್ದು ನಿಂತರು. "ನೋ ರೆಡಿ! ಐ ಸೇ, ನೋ ರೆಡಿ!" ಅಧಿಕಾರಿ ನನ್ನನ್ನು ನೋಡಿದರು. ಆಗಲಾದರೂ — ಇಲ್ಲ. "ಗಾಬರಿಯಾಗಿದ್ದಾರೆ, ಪಾಪ" ಎಂದೆ. ಆ 'ಪಾಪ'ವನ್ನೂ ಸೇರಿಸಿ ಹೇಳಿದೆ.

ಅವರು ತಂದಿದ್ದ ಹೊಸ ಸ್ವಿಚ್ಚು, ಕೆಟ್ಟದ್ದು ಗೊತ್ತಿದ್ದೂ ಹೇಳಲಿಲ್ಲ ಎಂಬುದಕ್ಕೇ ಸಾಕ್ಷಿಯಾಯಿತು. ಅವರನ್ನು ಕೆಲಸದಿಂದ ತೆಗೆದರು. ಯಂತ್ರದ ಕೆಲಸ ಮತ್ತೆ ಯಾರೂ ಕೊಡಲಿಲ್ಲ. ಟೂಟಿಂಗಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆದರು. ಯುಗಾದಿಗೆ ನಮ್ಮವರು ಸೇರಿದಾಗ "ಆ ಹುಡುಗಿಯ ಕೈ ತೆಗೆದವನು" ಎನ್ನುತ್ತಿದ್ದರು. ನಾನು ಹೋಳಿಗೆ ಬಡಿಸುತ್ತಿದ್ದೆ. ಆಮೇಲೆ ಬಸವರಾಜರ ಮನೆಯವರು ಬರುವುದನ್ನೇ ಬಿಟ್ಟರು.

ಹತ್ತು ವರ್ಷದ ಮೇಲೆ, ರೇನರ್ಸ್ ಲೇನಿನ ಅಂಗಡಿಯಲ್ಲಿ ಅವರ ಹೆಂಡತಿ ಶಾಂತವ್ವ ಸಿಕ್ಕರು. ಹಣೆ ಬೋಳಾಗಿತ್ತು. "ಕಡೀಕಡೀಕ ಅವ್ರಿಗೇ ಸಂಶಯ ಬಂದಿತ್ರಿ" ಎಂದರು. "'ನಾ ಖರೇನ ಹೇಳಿದ್ನೋ, ಹೇಳಬೇಕಂತ ಮಾಡಿ ಮರತ್ನೋ' ಅಂತ ಆಸ್ಪತ್ರ್ಯಾಗೂ ಕೇಳ್ತಿದ್ರು. ನಿಮಗ ನೆನಪೈತೇನ್ರಿ ಅಕ್ಕಾರ?"

"ಬಾಳ ದಿನಾ ಆತಲ್ಲ, ಶಾಂತವ್ವ" ಎಂದೆ. ಎರಡು ಸಲ ಎಂದೆನಲ್ಲ, ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೂರನೆಯ ಸುಳ್ಳು ಇದೇ ಆಯಿತು.

ಮನೆಗೆ ಬಂದೆ, ಅಡಿಗೆ ಮಾಡಿದೆ, ತಿನ್ನಲಾಗಲಿಲ್ಲ. ಅವರ ಕೆಲಸ ಹೋಯಿತೆಂದು ಗೊತ್ತಿತ್ತು, ಮಾನ ಹೋಯಿತೆಂದೂ ಗೊತ್ತಿತ್ತು. ತನ್ನ ಬಾಯಿಂದ ಬಂದ ಮಾತನ್ನೇ ನಂಬದ ಹಾಗೆ ಆ ಮನುಷ್ಯನನ್ನು ಮಾಡಿದ್ದೆ — ಅದು ಗೊತ್ತಿರಲಿಲ್ಲ.

ಭಾನುವಾರ ಅವರ ಫ್ಲ್ಯಾಟಿಗೆ ಹೋಗಿ, ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಶಾಂತವ್ವ ಅಳಲಿಲ್ಲ, ಬೈಯಲಿಲ್ಲ. "ಇದನ್ನ ಇಂಗ್ಲಿಷಿನ್ಯಾಗ ಬರದು ಕೊಡ್ರಿ" ಎಂದರು. "ನನ್ನ ಮಗಳಿಗೆ ಕನ್ನಡ ಓದಾಕ ಬರೂದಿಲ್ಲ. ಅಪ್ಪನ ಹೆಸರು ಹೇಳಾಕ ನಾಚ್ತಾಳ ಅಕಿ."

ಬಾಗಿಲು ಮುಚ್ಚಿಕೊಂಡರು. ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಬಂದೆ. ಆ ರಾತ್ರಿಯೇ ಎರಡು ಪ್ರತಿ ಬರೆದೆ. ಒಂದು ಆ ಮಗಳಿಗೆ, ಒಂದು ಹೆಲೆನ್‌ಗೆ. ಕೆಳಗೆ ನನ್ನ ಪೂರ್ತಿ ಹೆಸರು, ವಿಳಾಸ ಹಾಕಿದೆ. ಇಬ್ಬರಿಂದಲೂ ಇನ್ನೂ ಉತ್ತರ ಬಂದಿಲ್ಲ. ಕೇಳುವ ಹಕ್ಕು ನನಗಿಲ್ಲ.