ನಮ್ಮ ಓಣಿಯ ತಾಟು

ನಮ್ಮ ಓಣಿಗೆ ನಳದ ನೀರು ಯಾವಾಗ ಬರುತ್ತದೋ ಪುರಸಭೆಗೂ ಗೊತ್ತಿಲ್ಲ. ದೂರು ಕೊಟ್ಟು ಕೊಟ್ಟು ಸಾಕಾಗಿ ನಾವೇ ಒಂದು ರೂಢಿ ಮಾಡಿಕೊಂಡಿದ್ದೇವೆ. ಮೊದಲು ನೀರು ಕಂಡವರು ಊಟದ ತಾಟು ಬಾರಿಸಿ ಓಣಿಗೆಲ್ಲ ತಿಳಿಸಬೇಕು. ತಮ್ಮ ಕೊಡ ತುಂಬುವುದು ಆಮೇಲೆ. ಯಂಕಂಚಿ ಹಳ್ಳಿಯಿಂದ ಮದುವೆಯಾಗಿ ನಮ್ಮ ಓಣಿಗೆ ಬಂದ ಹೊಸ ಸೊಸೆಗೂ ಮೊದಲ ಪಾಠ ಇದೇ.

ಒಂದು ದಿನ ನಮ್ಮ ದೂರು ಕೇಳಲು ವಿಜಯಪುರದಿಂದ ಸಾಹೇಬರೊಬ್ಬರು ನಾನು ಕೆಲಸ ಮಾಡುವ ಅಂಗನವಾಡಿಗೆ ಬಂದರು. ಜೊತೆಗೆ ನಮ್ಮ ಹಿಂದಿನ ಓಣಿಯಲ್ಲೇ ಬಾಡಿಗೆಗಿರುವ ಪುರಸಭೆಯ ಎಂಜಿನಿಯರ್. ಹೆಂಗಸರೆಲ್ಲ ಇಬ್ಬರನ್ನೂ ಮುತ್ತಿಕೊಂಡು ಬೈಯುತ್ತಿರುವಾಗಲೇ ಹೊರಗೆ ತಾಟು ಬಾರಿಸುವ ಸದ್ದು ಕೇಳಿಸಿತು. ಸಾಹೇಬರು ಗಾಬರಿಯಾಗಿ ಎದ್ದು ನಿಂತರು.

"ಗಲಾಟಿ ಬ್ಯಾಡ್ರಿ, ಕೂತು ಮಾತಾಡೋಣು!"

"ಗಲಾಟಿ ಅಲ್ರೀ ಸಾಹೇಬ್ರ, ನಳ ಬಂದೈತಿ," ಅಂದೆ. ಅಷ್ಟರಲ್ಲಿ ಅಂಗಳ ಖಾಲಿ. ಬೈಯಲಿಕ್ಕೂ ಒಬ್ಬರಿರಲಿಲ್ಲ.

"ಪುರಸಭೆಯವರು ಮೊದಲ ಹೇಳೂದಿಲ್ಲೇನ್ರಿ?"

"ಅವರನ್ನ ನಂಬಿ ಕುಂತಿದ್ರ ನಮ್ಮ ಮಕ್ಕಳದು ಇನ್ನೂ ಜಳಕಾ ಆಗ್ತಿರಲಿಲ್ರಿ. ನಮ್ಮ ತಾಟು ಒಂದು ದಿನಾನೂ ಸುಳ್ಳು ಹೇಳಿಲ್ಲ," ಎಂದೆ, ಎದೆಯುಬ್ಬಿಸಿ.

ಸಾಹೇಬರು ಉತ್ತರಕ್ಕಾಗಿ ಎಂಜಿನಿಯರ್ ಕಡೆ ತಿರುಗಿದರು. ಆತ ಗೋಡೆಗೆ ಮುಖ ಮಾಡಿ, ಫೋನಿನಲ್ಲಿ ಹೆಂಡತಿಗೆ ಮೆಲ್ಲಗೆ ಹೇಳುತ್ತಿದ್ದ: "ತಾಟು ಕೇಳಿಸ್ತೋ ಇಲ್ಲೋ? ಲಗೂನ ನಳಕ್ಕ ಕೊಡ ಹಚ್ಚು."